ನಮ್ಮ ಹಿತ್ತಲಿನ ಕೆಳಗೆ ಹಾದುಹೋದ ನೀರು

ಸೋದರಿಯರೇ, ನಿಮ್ಮ ತವರುಮನೆಯ ಹಿತ್ತಲಿನಲ್ಲಿ ಏನಿತ್ತು? ನುಗ್ಗೆಯ ಗಿಡವೇ? ತುಳಸಿಕಟ್ಟೆಯೇ? ಬಟ್ಟೆ ಒಗೆಯುವ ಕಲ್ಲೇ? ಒಂದು ಗಳಿಗೆ ಕಣ್ಣು ಮುಚ್ಚಿ ನೆನೆಸಿಕೊಳ್ಳಿ. ಮದುವೆಯಾಗಿ ಎಷ್ಟು ವರ್ಷ ಕಳೆದರೇನು, ಮೊಮ್ಮಕ್ಕಳನ್ನು ಎತ್ತಿದರೇನು, ಬೆಳಗಿನ ಜಾವದ ಕನಸಿನಲ್ಲಿ ಬರುವುದು ಆ ಹಿತ್ತಲೇ. ನನಗಂತೂ ಹಾಗೆಯೇ.

ನಮ್ಮ ಹಿತ್ತಲಿನಲ್ಲಿ ಒಂದು ಕುಳಿ ಇತ್ತು. ಬೇವಿನ ಗಿಡದ ಬುಡದಲ್ಲಿ, ಮೊಣಕಾಲೆತ್ತರದ ಕಲ್ಲಿನ ಕಟ್ಟೆ ಕಟ್ಟಿದ ಕುಳಿ. ಬಗ್ಗಿ ನೋಡಿದರೆ ಕತ್ತಲೆ. ಕಿವಿಗೊಟ್ಟರೆ ಮಾತ್ರ ಕೆಳಗೆಲ್ಲೋ ನೀರು ಸರಿಯುವ ಸದ್ದು. ಬಾವಿಯ ನೀರು ನಿಂತಿರುತ್ತದೆ, ನಮ್ಮ ಕುಳಿಯ ನೀರು ನಡೆಯುತ್ತಿತ್ತು! ಊರಿನವರು ಅದಕ್ಕೆ 'ಸುರಂಗ ಬಾವಿ' ಎನ್ನುತ್ತಿದ್ದರು. ಇವತ್ತು ನಿಮಗೆ ನನ್ನ ಬಾಲ್ಯದ ಕಥೆ ಹೇಳಬೇಕೆಂದು ಕುಳಿತಿದ್ದೇನೆ. ಅದು ಈ ಕುಳಿಯ ಕಥೆಯೂ ಹೌದು. ಕೊನೆಯಲ್ಲಿ ನನ್ನದೊಂದು ತಪ್ಪಿನ ಕಥೆಯೂ ಇದೆ.

ಊರಂಚಿನ ಊರು

ನನ್ನ ತವರು ಬೀದರದ ಹತ್ತಿರದ ನೌಬಾದ. ಬೀದರದಿಂದ ಭಾಲ್ಕಿ, ಉದಗೀರ ಕಡೆಗೆ ಹೋಗುವ ರಸ್ತೆಯಲ್ಲಿ ಹಳೇ ಶಹರದಿಂದ ಮೂರು-ನಾಲ್ಕು ಕಿಲೋಮೀಟರ್ ದೂರ. ಈಗ ಹೋಗಿ ನೋಡಿದರೆ ಬೀದರ ಎಲ್ಲಿ ಮುಗಿಯಿತು, ನೌಬಾದ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ನಾನು ಹುಟ್ಟಿದ್ದು 1949ರಲ್ಲಿ. ಆಗ ನಡುವೆ ಹೊಲಗಳಿದ್ದವು, ಹುಣಸೆ ಮರಗಳಿದ್ದವು. ಹಳ್ಳಿಯೆಂದರೆ ಹಳ್ಳಿಯಲ್ಲ, ಶಹರವೆಂದರೆ ಶಹರವಲ್ಲ. ಗಂಡಸರು ಕೆಲಸಕ್ಕೆಂದು ಬೀದರಕ್ಕೆ ಹೋಗಿ ಸಂಜೆ ಚೌಬಾರಾದ ಪೇಟೆಯಿಂದ ಸುದ್ದಿ ತರುತ್ತಿದ್ದರು. ಹೆಂಗಸರು ಹೊಲ, ದನ, ನೀರು, ಒಲೆ ನೋಡಿಕೊಳ್ಳುತ್ತಿದ್ದರು.

ನಾನು ಹುಟ್ಟುವ ಹಿಂದಿನ ವರ್ಷ, 1948ರ ಸೆಪ್ಟೆಂಬರ್ 17ರಂದು, ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತ್ತು. ಆದರೆ ಮನೆಯಲ್ಲಿ ಹಳೆಯ ಕಾಲ ಇನ್ನೂ ಮುಗಿದಿರಲಿಲ್ಲ. ನಮ್ಮ ಆಯಿಯ ಸೊಂಟದ ಚೀಲದಲ್ಲಿ ನಿಜಾಮರ 'ಹಾಲಿ ಸಿಕ್ಕಾ' ಇರುತ್ತಿತ್ತು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ಭಾರತದ ರೂಪಾಯಿಗೆ 'ಕಲ್ದಾರ' ಎಂದು ಹೆಸರು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ. ಅಕ್ಷರ ಬಾರದ ಆಯಿ ಈ ಲೆಕ್ಕವನ್ನು ಬೆರಳಿನಲ್ಲೇ ಮಾಡುತ್ತಿದ್ದಳು. 1957ರ ಏಪ್ರಿಲ್‌ನಲ್ಲಿ ನಯೇ ಪೈಸೆ ಬಂತು, ಹದಿನಾರಾಣೆಯ ರೂಪಾಯಿ ನೂರು ಪೈಸೆಯಾಯಿತು. ಆಗ ಮಾತ್ರ ಆಕೆ ಸೋತು ಕೈ ಚೆಲ್ಲಿದಳು. "ನನಗ ಬ್ಯಾಡವಾ ಈ ಹೊಸ ಲೆಕ್ಕ, ಪೇಟಿಗಿ ನೀನೇ ಬಾ" ಎಂದು ನನ್ನನ್ನು ಕರೆದುಕೊಂಡು ಹೋಗತೊಡಗಿದಳು. ಎಂಟು ವರ್ಷದ ನನಗೆ ಅದೆಂಥ ಜಂಬ!

ಆಯಿಯ ಕಾಯಿದೆಗಳು

ಬೆಳಗಿನ ಕೋಳಿ ಕೂಗುವ ಮೊದಲೇ ರಾಟೆಯ ಕಿರ್‌ಗುಟ್ಟುವಿಕೆ ಕೇಳುತ್ತಿತ್ತು. ಹಗ್ಗ ಎಂಟು ಮಾರು. ಅವ್ವ ಸೇದಿದರೆ ನಾನು ಕೊಡ ಹಿಡಿಯಬೇಕು. ಕುಳಿಯ ಬಗ್ಗೆ ಆಯಿಯ ಕಾಯಿದೆಗಳು ಬಲು ಬಿಗಿ. ಕಟ್ಟೆಯ ಹತ್ತಿರ ಚಪ್ಪಲಿ ಮೆಟ್ಟಬಾರದು. ಪಾತ್ರೆ ತಿಕ್ಕಿದ ಬೂದಿ ಹತ್ತು ಹೆಜ್ಜೆ ದೂರ ಚೆಲ್ಲಬೇಕು. ಅಕ್ಕಿ ತೊಳೆದ ನೀರನ್ನೂ ಒಳಗೆ ಬಿಡಬಾರದು. ಉಗುಳಿದರಂತೂ ಬೆನ್ನ ಮೇಲೆ ಗುದ್ದು ಖಾತ್ರಿ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಕಟ್ಟೆಯನ್ನು ಸಾರಿಸಿ, ಕೆಮ್ಮಣ್ಣು ಬಳಿದು, ಚೆಂಡುಹೂವು ಇಟ್ಟು ದೀಪ ಹಚ್ಚುತ್ತಿದ್ದಳು.

ಒಂದು ದಿನ ನಾನು ಕೇಳಿದೆ, "ಆಯಿ, ನಮ್ಮ ಬಾವಿ, ನಮ್ಮ ನೀರು. ಯಾರಿಗೇನು?"

ಆಯಿ ಕೊಡ ಕೆಳಗಿಟ್ಟು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. "ನೀರು ನಮ್ದಲ್ಲವಾ. ಹಾದು ಹೋಗ್ಲತ್ತದ. ನಾವು ನಡುವ ಒಂದು ಕೊಡ ತಗೊಳ್ಳೋರು ಅಷ್ಟೇ."

ಇನ್ನೊಂದು ವಿಷಯ ನಿಮಗೆ, ಅಡಿಗೆ ಮಾಡುವವರಿಗೆ, ಹೇಳಲೇಬೇಕು. ನಮ್ಮ ಕುಳಿಯ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು. ನೆಂಟರು ಬಂದಾಗ "ಇದಕ್ಕೇನು ಹಾಕ್ತೀರಿ?" ಎಂದು ಕೇಳುತ್ತಿದ್ದರು. ಏನೂ ಇಲ್ಲ, ನೀರಿನ ಗುಣ. ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರಿನಲ್ಲಿ ಬೇಳೆಯ ಹೊರಗೋಡೆ ಗಟ್ಟಿಯಾಗಿ, ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಜಂಬಿಟ್ಟಿಗೆ ಕಲ್ಲಿನಿಂದ ಜಿನುಗಿದ ನೀರು ಸಾಮಾನ್ಯವಾಗಿ ಮೆದು. ಮದುವೆಯಾಗಿ ಬಂದ ಊರಿನಲ್ಲಿ ಗಡಸು ಬಾವಿಯ ನೀರಿನೊಡನೆ ಗುದ್ದಾಡಿದ ಮೇಲೆಯೇ ನನಗೆ ತವರಿನ ನೀರಿನ ಬೆಲೆ ತಿಳಿದದ್ದು.

ಸುರಂಗ ತೋಡಿದವರು ಯಾರು?

ಮುತ್ಯಾನನ್ನು ಕೇಳಿದರೆ, "ಬಾದಶಾಹರು ತೋಡಿಸ್ಯಾರ, ಶಹರತನ ಹೋಗ್ತದ" ಎನ್ನುತ್ತಿದ್ದ. ಅಷ್ಟೇ ಗೊತ್ತಿದ್ದದ್ದು. ನಾವು ಮಕ್ಕಳು ಒಳಗೆ ನಿಧಿಯಿದೆ, ಏಳು ಹೆಡೆಯ ಸರ್ಪವಿದೆ ಎಂದು ಹೆದರಿಸಿಕೊಳ್ಳುತ್ತಿದ್ದೆವು. ಮುತ್ಯಾನ ಮಾತಿನಲ್ಲಿ ನಿಜವಿತ್ತು ಎಂದು ತಿಳಿಯಲು ನನಗೆ ಅರವತ್ತು ದಾಟಬೇಕಾಯಿತು.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದ. ಬೀದರವಿರುವುದು ಎತ್ತರದ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಮೇಲೆ. ಕೋಟೆಗೆ ಹೇಳಿ ಮಾಡಿಸಿದ ಜಾಗ. ಆದರೆ ಅಷ್ಟು ಜನಕ್ಕೆ ನೀರು? ಆ ಕಾಲದಲ್ಲಿ ಇರಾನಿನಿಂದ ಪಂಡಿತರು, ಕುಶಲಿಗಳು ಈ ಕಡೆ ಬಂದು ನೆಲೆಸುತ್ತಿದ್ದರು. ಮರುಭೂಮಿಯಲ್ಲಿ ನೆಲದೊಳಗಿನಿಂದ ನೀರು ನಡೆಸುವ ವಿದ್ಯೆ ಇರಾನಿನದು. ಪಾರಸಿಯಲ್ಲಿ ಅದಕ್ಕೆ 'ಕರೇಜ್' ಎಂದು ಹೆಸರು.

ಅದರ ಉಪಾಯ ಕೇಳಿದರೆ ಆಶ್ಚರ್ಯವಾಗುತ್ತದೆ. ಬೀದರದ ಮೇಲ್ಪದರ ಕೆಂಪು ಜಂಬಿಟ್ಟಿಗೆ ಕಲ್ಲು. ನಾವು ಇಡ್ಲಿಯಲ್ಲಿ ಕಾಣುವಂತೆ ಅದರ ತುಂಬ ತೂತು. ಮಳೆ ನೀರು ಒಳಗೆ ಇಳಿಯುತ್ತದೆ. ಕೆಳಗಿರುವುದು ಗಟ್ಟಿ ಕಪ್ಪು ಕಲ್ಲು. ಅಲ್ಲಿ ನೀರು ತಡೆದು ನಿಲ್ಲುತ್ತದೆ. ಎತ್ತರದ ಜಾಗದಲ್ಲಿ ಮೊದಲು ಒಂದು 'ತಾಯಿ ಬಾವಿ' ತೋಡಿ ಆ ನೀರನ್ನು ಹಿಡಿಯಬೇಕು. ಅಲ್ಲಿಂದ ಊರಿನ ಕಡೆಗೆ, ಕಣ್ಣಿಗೆ ಕಾಣದಷ್ಟು ಸ್ವಲ್ಪವೇ ಇಳಿಜಾರಿನಲ್ಲಿ ಸುರಂಗ ಕೊರೆಯಬೇಕು. ನಡುನಡುವೆ ನೆಲದಿಂದ ಸುರಂಗದವರೆಗೆ ನೇರ ಕುಳಿಗಳು. ಮಣ್ಣು ಮೇಲೆತ್ತಲು, ಗಾಳಿ ಆಡಲು, ಕೆಸರು ತೆಗೆಯಲು, ನೀರು ಸೇದಲು. ಎತ್ತಿಲ್ಲ, ಯಂತ್ರವಿಲ್ಲ, ನೀರು ತಾನೇ ನಡೆಯುತ್ತದೆ, ಬಿಸಿಲಿಗೆ ಆರುವುದೂ ಇಲ್ಲ. ಬೀದರದಲ್ಲಿ ಇಂಥವು ಮೂರು ಹೆಸರಾಗಿವೆ. ನಮ್ಮ ನೌಬಾದದ್ದು, ಶುಕ್ಲತೀರ್ಥದ್ದು, ಜಮುನಾ ಮೋರಿಯದ್ದು. ನಮ್ಮ ಹಿತ್ತಲಿನ ಕುಳಿ ಅಂಥ ಗಾಳಿಕುಳಿಗಳ ಸಾಲಿನಲ್ಲಿ ಒಂದು!

ಕಾಸರಗೋಡು, ದಕ್ಷಿಣ ಕನ್ನಡದ ಓದುಗರು "ನಮ್ಮಲ್ಲೂ ಸುರಂಗಗಳಿವೆಯಲ್ಲ" ಎನ್ನಬಹುದು. ಹೌದು, ಅಲ್ಲಿಯೂ ಅದೇ ಜಂಬಿಟ್ಟಿಗೆ ಕಲ್ಲು. ಗುಡ್ಡಕ್ಕೆ ಅಡ್ಡಲಾಗಿ ಕೊರೆದು ಮನೆಮನೆಗೆ ನೀರು ತರುತ್ತಾರೆ. ಕಲ್ಲು ಒಂದೇ ಆದರೆ ಬುದ್ಧಿಯೂ ಒಂದೇ ದಾರಿ ಹಿಡಿಯುತ್ತದೆ ನೋಡಿ.

ಮೇಲಿಂದ ಹೊಯ್ದ ನೀರು

1956ರಲ್ಲಿ ನಾನು ಒಂದನೇ ಇಯತ್ತೆಗೆ ಸೇರಿದೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಊರ ಕೆಳಗಿನ ಕೇರಿಯ ಹುಡುಗಿ. ಹೆಸರು ಬೇಡ, ಗೆಳತಿ ಎನ್ನುತ್ತೇನೆ. ಲೆಕ್ಕದಲ್ಲಿ ನನಗಿಂತ ಜಾಣೆ. ನನ್ನ ಪಾಟಿಯ ಮೇಲೆ ಅವಳ ಉತ್ತರ ಎಷ್ಟು ಸಲ ಇಳಿದಿದೆಯೋ!

ಒಂದು ಬೇಸಗೆಯ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನನ್ನ ಜೊತೆ ಹಿತ್ತಲಿಗೆ ಬಂದಳು. ಬಾಯಾರಿತ್ತು. ಕಟ್ಟೆಯ ಮೇಲೆ ತುಂಬಿದ ಕೊಡವಿತ್ತು. ನಾನು ತಂಬಿಗೆ ಎತ್ತಿಕೊಂಡೆ. ಆಯಿ ಬಂದು ನನ್ನ ಕೈಯಿಂದ ಅದನ್ನು ಕಸಿದುಕೊಂಡಳು. ಸಿಟ್ಟು ಮಾಡಲಿಲ್ಲ. ಗೆಳತಿಗೆ ಬೊಗಸೆ ಒಡ್ಡಲು ಹೇಳಿ, ಒಂದು ಗೇಣು ಮೇಲಿಂದ ನೀರು ಹೊಯ್ದಳು. ಅವಳು ಕುಡಿದಳು. ಗದ್ದದಿಂದ ನೀರು ಇಳಿದು ಅಂಗಿ ಒದ್ದೆಯಾಯಿತು. ಏನೂ ಆಡದೆ ಹೋದಳು. ಮತ್ತೆಂದೂ ನಮ್ಮ ಹಿತ್ತಲಿಗೆ ಬರಲಿಲ್ಲ.

ಅಸ್ಪೃಶ್ಯತೆಯನ್ನು ಸಂವಿಧಾನ 1950ರಲ್ಲೇ ಅಳಿಸಿಹಾಕಿತ್ತು. 1955ರಲ್ಲಿ ಶಿಕ್ಷೆಯ ಕಾಯಿದೆಯೂ ಬಂದಿತ್ತು. ನಮ್ಮ ಹಿತ್ತಲಿಗೆ ಅದು ಬಂದಿರಲಿಲ್ಲ. "ನೀರು ನಮ್ದಲ್ಲ" ಎನ್ನುತ್ತಿದ್ದ ಆಯಿಯೇ ಹೀಗೆ ಮಾಡಿದಳಲ್ಲ ಎಂದು ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಏಕೆಂದರೆ ಇಳಿಜಾರಿನಲ್ಲಿ ನಮ್ಮ ಮುಂದಿನ ಕುಳಿ ಇದ್ದದ್ದು ಗೆಳತಿಯ ಕೇರಿಯ ಹತ್ತಿರವೇ. ನಮ್ಮ ಕೊಡ ತಪ್ಪಿದ ನೀರೇ ಅವರ ಕೊಡಕ್ಕೆ ಬರುತ್ತಿತ್ತು. ನೆಲದ ಮೇಲೆ ಒಂದು ಗೇಣಿನ ಅಂತರ, ನೆಲದ ಕೆಳಗೆ ಏನೂ ಇಲ್ಲ.

ಗೆರೆ ಎಳೆದ ವರ್ಷ

ಅದೇ 1956ರ ನವೆಂಬರ್ 1. ಭಾಷೆಗೊಂದು ರಾಜ್ಯವೆಂದು ನಕಾಶೆಯಲ್ಲಿ ಗೆರೆ ಎಳೆದರು. ನಮ್ಮ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ ಬಂದವು. ಉದಗೀರ, ನಿಲಂಗಾ, ಅಹಮದಪುರ ಮುಂಬೈ ಪ್ರಾಂತಕ್ಕೆ ಹೋದವು. ನಾರಾಯಣಖೇಡ, ಜಹೀರಾಬಾದ ಕಡೆ ಆಂಧ್ರಕ್ಕೆ ಸೇರಿತು.

ಅಪ್ಪನಿಗೆ ಸಂತೋಷ. ಕನ್ನಡ ರಾಜ್ಯ ಬಂತು ಎಂದು ಪೇಢೆ ಹಂಚಿದ. ಅದಕ್ಕೆ ಕಾರಣವಿತ್ತು. ಅವನ ಕಾಲದಲ್ಲಿ ಶಾಲೆ, ಕಚೇರಿ ಎಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಆಡುವ ಮಾತು ಓದಲು ಬರುತ್ತಿರಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಸಂಗತಿಯನ್ನು ಅಪ್ಪ ಹೇಳುವಾಗ ಅವನ ಕಣ್ಣು ತುಂಬುತ್ತಿದ್ದವು. ನೂರು ದಾಟಿ ಬಾಳಿದ ಆ ಹಿರಿಯರು 1999ರಲ್ಲಿ ಲಿಂಗೈಕ್ಯರಾದರು. ನಾನು ಇವತ್ತು ನಿಮಗೆ ಈ ಅಕ್ಷರ ಬರೆಯುತ್ತಿದ್ದರೆ ಅಂಥವರ ಪುಣ್ಯ.

ಆದರೆ ಅವ್ವ ಅಡಿಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ತಂಗಿಯನ್ನು ಕೊಟ್ಟದ್ದು ಉದಗೀರಕ್ಕೆ. "ನಮ್ಮ ತಂಗಿ ಬ್ಯಾರೆ ರಾಜ್ಯದಾಕಿ ಆದಳಲ್ಲ" ಎಂದಳು. ಮರುವರ್ಷ ಚಿಕ್ಕಮ್ಮ ಎಂದಿನಂತೆ ರೈಲಿನಲ್ಲಿ ಕಮಲನಗರ, ಭಾಲ್ಕಿ ದಾಟಿ ಬಂದಳು. ಟಿಕೆಟಿನ ಬೆಲೆಯೂ ಬದಲಾಗಿರಲಿಲ್ಲ, ಅವಳ ಮರಾಠಿ ಬೆರೆತ ಕನ್ನಡವೂ ಬದಲಾಗಿರಲಿಲ್ಲ. ಆಗ ಅವ್ವನಿಗೆ ಸಮಾಧಾನವಾಯಿತು. ಗೆರೆ ಎಳೆದವರು ಹೆಂಗಸರ ತವರಿನ ಲೆಕ್ಕ ಹಿಡಿದಿರಲಿಲ್ಲ, ಅಷ್ಟೇ.

ನೀರಿನ ಹಬ್ಬಗಳು

ನಮ್ಮ ಬಾಲ್ಯದ ಸಂಭ್ರಮವೆಲ್ಲ ನೀರಿನ ಸುತ್ತಲೇ. ಶಿವರಾತ್ರಿಗೆ ನಡೆದುಕೊಂಡು ಪಾಪನಾಶ. ರಾಮನೇ ಸ್ಥಾಪಿಸಿದ ಲಿಂಗ ಎಂಬ ನಂಬಿಕೆ, ಮುಂದೆ ಚಿಲುಮೆಯ ಕೊಳ. ವರ್ಷಕ್ಕೊಮ್ಮೆ ಎತ್ತಿನ ಗಾಡಿಯಲ್ಲಿ ನರಸಿಂಹ ಝರಣಿ. ಅಲ್ಲಿ ದೇವರ ದರ್ಶನಕ್ಕೆ ಗುಹೆಯೊಳಗೆ ಸುಮಾರು 300 ಮೀಟರ್ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ಅಪ್ಪನ ಹೆಗಲ ಮೇಲೆ ಕೂತು, ತಲೆಗೆ ಬಾವಲಿ ಬಡಿದೀತೆಂದು ಕಣ್ಣು ಮುಚ್ಚಿ ಹೋದದ್ದು ನೆನಪು. ನಾನಕ್ ಝೀರಾದಲ್ಲಿ ಗುರು ನಾನಕರು ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತೆಂದು ಸಿಖ್ಖರು ನಂಬುತ್ತಾರೆ. ಗುರುದ್ವಾರ ಕಟ್ಟಿದ್ದು 1948ರಲ್ಲಿ. ಅಲ್ಲಿಯ ಪ್ರಸಾದದ ಹಲ್ವಾಕ್ಕಾಗಿ ನಾವು ಎಷ್ಟು ದೂರವಾದರೂ ನಡೆಯಲು ತಯಾರು. ಝರಣಿಯ ದೇವರು ಬೇರೆ, ಝೀರಾದ ಗುರು ಬೇರೆ, ಸುರಂಗ ತೋಡಿಸಿದ ಸುಲ್ತಾನ ಬೇರೆ. ನೀರು ಜಿನುಗಿದ್ದು ಮಾತ್ರ ಅದೇ ಕೆಂಪು ಕಲ್ಲಿನಿಂದ.

ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ಊರಿನ ಎಲ್ಲರನ್ನೂ ಕೂಗಿ ಕರೆದು ಉಣ್ಣುವುದು. ಸಜ್ಜಿ ಕಡಬು, ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಗಡಿಗೆಯಲ್ಲಿ ಹುಳಿ ಬಂದ ಅಂಬಲಿ, ಎಲ್ಲದರ ರಾಜ ಭಜ್ಜಿ. ಎಣ್ಣೆಯಲ್ಲಿ ಕರಿದ ಭಜ್ಜಿಯಲ್ಲ. ಮೆಂತ್ಯ, ಪುಂಡಿ, ಪಾಲಕ್ ಸೊಪ್ಪು, ಹಸಿ ತೊಗರಿ ಕಾಳು, ಹಸಿ ಕಡಲೆ, ಅವರೆ, ಶೇಂಗಾ, ಹೆಚ್ಚಿದ ಬದನೆ, ಗಜ್ಜರಿ ಎಲ್ಲವನ್ನೂ ಬೇಯಿಸಿ ಕಡೆಯಬೇಕು. ಹುಣಸೆ ರಸ, ಅರೆದ ಹಸಿ ಮೆಣಸು, ಉಪ್ಪು ಹಾಕಿ, ಕಡಲೆ ಹಿಟ್ಟನ್ನು ನೀರಿನಲ್ಲಿ ಕದಡಿ ಸುರಿದು ಕುದಿಸಬೇಕು. ಕೊನೆಗೆ ಬೆಳ್ಳುಳ್ಳಿ, ಜೀರಿಗೆಯ ಒಗ್ಗರಣೆ. ಹಿಂದಿನ ರಾತ್ರಿಯೇ ಮಾಡಿಟ್ಟರೆ ಮರುದಿನ ರುಚಿ ಇಮ್ಮಡಿ. ನೀವೂ ಮಾಡಿ ನೋಡಿ. ಕಾಳು ಬೇಯದಿದ್ದರೆ ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ, ನೀರನ್ನು ಅನುಮಾನಿಸಿ.

1963ರಲ್ಲಿ ಏಳನೇ ಇಯತ್ತೆ ಮುಗಿಯಿತು. ಮುಂದಿನ ಶಾಲೆ ಬೀದರದಲ್ಲಿ. "ಹೆಣ್ಣುಹುಡುಗಿ ಅಷ್ಟು ದೂರ ನಡೀಬ್ಯಾಡ" ಎಂದರು. ಆ ವರ್ಷವೇ ಬೀದರದಲ್ಲಿ ವಾಯುಪಡೆಯ ತರಬೇತಿ ಶುರುವಾಗಿ ತಲೆಯ ಮೇಲೆ ವಿಮಾನ ಹಾರತೊಡಗಿದವು. ನಾನು ಕುಳಿಯ ಕಟ್ಟೆಯ ಮೇಲೆ ಕೊಡ ಹಿಡಿದು ನಿಂತು ಅವನ್ನು ನೋಡುತ್ತಿದ್ದೆ. 1967ರಲ್ಲಿ ಮದುವೆಯಾಗಿ ಭಾಲ್ಕಿಗೆ ಬಂದೆ.

ಮುನ್ನೂರು ರೂಪಾಯಿಯ ಉಳಿತಾಯ

ಈಗ ನನ್ನ ತಪ್ಪಿನ ಕಥೆ.

1972ರ ಬರ ನಮ್ಮ ಕಡೆಯವರು ಮರೆಯುವಂಥದ್ದಲ್ಲ. ಬಾವಿಗಳು ಆರಿದವು, ಜನ ಕಲ್ಲು ಒಡೆಯುವ ಕಾಮಗಾರಿಗೆ ಹೋದರು. ಆ ವರ್ಷವೂ ನಮ್ಮ ಹಿತ್ತಲಿನ ಕುಳಿಯ ತಳದಲ್ಲಿ ನೀರು ತೆಳ್ಳಗೆ ನಡೆಯುತ್ತಲೇ ಇತ್ತು ಎಂದು ಅವ್ವ ಹೇಳುತ್ತಿದ್ದಳು. ಆಮೇಲೆ ಓಣಿಗೆ ನಳ ಬಂತು. ರಾಟೆ ಬಿಚ್ಚಿ ಅಟ್ಟಕ್ಕೆ ಹಾಕಿದರು. ಆಯಿ ತೀರಿಹೋಗಿದ್ದಳು. ಕಟ್ಟೆಗೆ ದೀಪ ಹಚ್ಚುವುದು ನಿಂತಿತು.

1983ರಲ್ಲಿ ತಮ್ಮ ಮನೆ ಕಟ್ಟಿಸಿದ. ಅವ್ವನಿಗೆ ಮಂಡಿನೋವು, ಬಯಲಿಗೆ ಹೋಗಲಾರಳು. ಹಿತ್ತಲಿನಲ್ಲಿ ಬಚ್ಚಲು, ಪಾಯಖಾನೆ ಕಟ್ಟಬೇಕೆಂದು ಹಟ ಹಿಡಿದವಳು ನಾನೇ. ಅದು ಸರಿಯಾದ ಹಟವೇ. ಗುಂಡಿ ತೋಡಲು ಗವಂಡಿ ಮುನ್ನೂರು ರೂಪಾಯಿ ಕೇಳಿದ. ಆಗ ನಾನು, ನಾಲ್ಕಾಣೆ ಉಳಿಸುವುದರಲ್ಲಿ ಹೆಸರಾದ ಗೃಹಿಣಿ, ಹೇಳಿದೆ: "ಕುಳಿ ಇದ್ದೇ ಅದಲ್ಲ. ಅರ್ಧ ಹಳೇ ಗ್ವಾಡಿ ಕಲ್ಲು ತುಂಬಿರಿ, ನೀರು ಅದರಾಗ ಬಿಡ್ರಿ. ಬ್ಯಾರೆ ಗುಂಡಿ ಯಾಕ?"

ಎಲ್ಲರೂ ಭಲೆ ಎಂದರು. ಅವ್ವ ಮಾತ್ರ ಬಾಗಿಲಲ್ಲಿ ನಿಂತು, "ಮುಚ್ಚಬ್ಯಾಡ್ರಿ, ಅದು ನಮ್ದಲ್ಲ" ಎಂದಳು. ಮುದುಕಿಯ ಮಾತು ಎಂದು ಯಾರೂ ಕೇಳಲಿಲ್ಲ. ಎರಡು ದಿನದಲ್ಲಿ ಕುಳಿ ಕಾಣದಾಯಿತು. ಮುನ್ನೂರು ಉಳಿಸಿದ ಹೆಮ್ಮೆಯಲ್ಲಿ ನಾನು ಭಾಲ್ಕಿಗೆ ಮರಳಿದೆ.

2016ರ ಬೇಸಗೆ

ಮೂವತ್ಮೂರು ವರ್ಷ ಕಳೆದವು. 2016ರ ಬೇಸಗೆ ನಿಮಗೆ ನೆನಪಿರಬೇಕು. ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ಮೊದಲ ರೈಲಿನಲ್ಲಿ ಸುಮಾರು ಐದು ಲಕ್ಷ ಲೀಟರ್. ಚಿಕ್ಕಮ್ಮನ ಉದಗೀರ ಈಗ ಅದೇ ಲಾತೂರ ಜಿಲ್ಲೆಯಲ್ಲಿದೆ. ಅವಳ ಮೊಮ್ಮಗಳು ಫೋನಿನಲ್ಲಿ "ಮೌಶೀ, ಎಂಟು ದಿನಕ್ಕೊಮ್ಮಿ ಟ್ಯಾಂಕರ್" ಎಂದು ಅತ್ತಳು.

ಆ ಹೊತ್ತಿಗೆ ಬೀದರದಲ್ಲಿ ಹಳೆಯ ನೀರಿನ ದಾರಿಗಳನ್ನು ಹುಡುಕುವ ಕೆಲಸ ನಡೆದಿತ್ತು. ಸಂಶೋಧಕರು ನೌಬಾದದ ಸುರಂಗದ ಜಾಡು ಹಿಡಿದಿದ್ದರು. ನ್ಯೂಯಾರ್ಕಿನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2014ರಲ್ಲಿ ಕಾಪಾಡಬೇಕಾದ ತಾಣಗಳ ಪಟ್ಟಿಯಲ್ಲಿ ಬೀದರ ನಗರವನ್ನು ಸೇರಿಸಿತ್ತು. ಆಗ ಜಿಲ್ಲಾಧಿಕಾರಿಯಾಗಿದ್ದ ಅನುರಾಗ ತಿವಾರಿ ಕೆರೆ, ತೆರೆದ ಬಾವಿಗಳ ಹೂಳು ತೆಗೆಸುವ ಕೆಲಸಕ್ಕೆ ಕೈ ಹಾಕಿದ್ದರು. 2017ರಲ್ಲಿ ಅವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಬೀದರದ ಜನ ಇಂದಿಗೂ ಅವರನ್ನು ನೀರಿನ ನೆಪದಲ್ಲಿ ನೆನೆಯುತ್ತಾರೆ. ಇರಾನಿನ ಇಂಥ ಸುರಂಗಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಅದೇ 2016ರಲ್ಲಿ.

ನಾನು ತವರಿಗೆ ಹೋಗಿದ್ದೆ. ನಕಾಶೆ ಹಿಡಿದ ಒಬ್ಬ ಹುಡುಗ ಬಾಗಿಲಿಗೆ ಬಂದು, "ಅಜ್ಜಿ, ಸಾಲಿನ ಪ್ರಕಾರ ಇಲ್ಲೆಲ್ಲೋ ಒಂದು ಕುಳಿ ಇರಬೇಕು. ನಿಮಗೆ ಗೊತ್ತೇ?" ಎಂದ.

ಸೋದರಿಯರೇ, ನಾನು ಏನು ಹೇಳಲಿ? ಹಿತ್ತಲಿಗೆ ಕರೆದುಕೊಂಡು ಹೋಗಿ ಬಚ್ಚಲಿನ ಬಾಗಿಲು ತೋರಿಸಿದೆ. ಅವನು ಬೈಯಲಿಲ್ಲ. ನಕಾಶೆಯ ಮೇಲೆ ಪೆನ್ಸಿಲಿನಿಂದ ಒಂದು ಗುಣಿಸು ಗುರುತು ಹಾಕಿಕೊಂಡ.

ಅಂದು ಸಂಜೆ ಗೆಳತಿಯ ಮನೆಗೆ ಹೋದೆ. ಅವಳೂ ತವರಿನಲ್ಲೇ ಇದ್ದಳು. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದಳು. ಮಾತಿನ ನಡುವೆ ಅವರ ಕೇರಿಯ ಕುಳಿಯ ಬಗ್ಗೆ ಕೇಳಿದೆ. "ಎಂಬತ್ನಾಲ್ಕರಾಗ ನೀರು ನಾತ ಹೊಡೀಲಿಕ್ಕ ಹತ್ತಿತು. ಹುಡುಗರಿಗಿ ವಾಂತಿ-ಭೇದಿ. ಯಾಕಂತ ತಿಳೀಲಿಲ್ಲ. ಕಡೀಗಿ ಚಪ್ಪಡಿ ಎಳೆದಿವಿ" ಎಂದಳು.

ನನಗೆ ತಿಳಿದಿತ್ತು. ಹೇಳಿದೆ. ಮುನ್ನೂರು ರೂಪಾಯಿಯ ಉಳಿತಾಯವನ್ನೂ ಬಿಡದೆ ಹೇಳಿದೆ.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿಮ್ಮ ಆಯಿ ನೀರು ಮ್ಯಾಲಿಂದ ಹಾಕಿದ್ಳು. ನೀ ತೆಳಗಿಂದ ಕಳಿಸಿದಿ" ಎಂದಳು. ಎದ್ದುಹೋಗಿ ಚಹಾ ಮಾಡಿ ತಂದಳು. ಇಬ್ಬರೂ ಕುಡಿದೆವು. ಕ್ಷಮಿಸಿದಳೋ ಇಲ್ಲವೋ ಕೇಳುವ ಧೈರ್ಯ ನನಗಿರಲಿಲ್ಲ.

ನಿಮ್ಮಲ್ಲಿ ಒಂದು ಕೇಳಿಕೆ

ಬಾಲ್ಯದ ನೆನಪು ಬರೆಯಲು ಕೂತವಳು ಬಚ್ಚಲಿಗೆ ಬಂದು ನಿಂತಳಲ್ಲ ಎಂದು ನಗಬೇಡಿ. ಬಾಲ್ಯದ ನೆನಪು ಹಾಡಿ ಹೊಗಳುವುದಕ್ಕಷ್ಟೇ ಅಲ್ಲ. ಮನೆಯಲ್ಲಿ ಏನು ಎಲ್ಲಿ ಇತ್ತು, ಯಾತಕ್ಕೆ ಇತ್ತು ಎನ್ನುವುದು ಹೆಚ್ಚಾಗಿ ಹೆಂಗಸರ ತಲೆಯಲ್ಲೇ ಉಳಿದಿರುತ್ತದೆ. ಯಾವ ಕಾಗದದಲ್ಲೂ ಇರುವುದಿಲ್ಲ.

ನಿಮ್ಮ ತವರಿನಲ್ಲಿ, ಗಂಡನ ಮನೆಯಲ್ಲಿ ಹಳೆಯ ಬಾವಿ, ಕುಳಿ, ಕಾಲುವೆ ಇದ್ದರೆ ಮುಚ್ಚುವ ಮೊದಲು ಮನೆಯ ಹಿರಿಯ ಹೆಂಗಸರನ್ನು ಒಂದು ಮಾತು ಕೇಳಿ. ಬೇಡವೆನಿಸಿದರೆ ಗಟ್ಟಿ ಜಾಳಿಗೆ ಹಾಕಿಸಿ. ಮಕ್ಕಳು ಬೀಳುವ ಭಯವೂ ಇಲ್ಲ, ಬಾವಿಯೂ ಉಳಿಯುತ್ತದೆ. ಪಾಯಖಾನೆಯ ನೀರು ಇಂಗುವ ಗುಂಡಿ ಕುಡಿಯುವ ನೀರಿನಿಂದ ಕನಿಷ್ಠ 60 ಅಡಿ ದೂರವಿರಲಿ. ಕೆಂಪು ಜಂಬಿಟ್ಟಿಗೆಯಂಥ ತೂತುಕಲ್ಲಿನ ನೆಲವಾದರೆ ಇನ್ನೂ ದೂರ. ಹಳೆಯ ಬಾವಿಗೆ ಬಚ್ಚಲ ನೀರನ್ನಂತೂ ಎಂದೂ ಬಿಡಬೇಡಿ. ತಾರಸಿಯ ಮಳೆನೀರನ್ನು ಸೋಸಿ ಬಿಡಬಹುದು. ನಿಮ್ಮ ಬಾವಿಯ ನೀರು ಮುಂದೆ ಯಾರ ಕೊಡಕ್ಕೆ ಹೋಗುತ್ತದೋ ಮೇಲೆ ನಿಂತವರಿಗೆ ಕಾಣುವುದಿಲ್ಲ.

ತಮ್ಮನ ಮಗ ಈಗ ಆ ಮನೆಯನ್ನು ಕೆಡವಿ ಹೊಸದು ಕಟ್ಟಿಸುವ ಯೋಚನೆಯಲ್ಲಿದ್ದಾನೆ. ಬಚ್ಚಲು, ಪಾಯಖಾನೆಯನ್ನು ಮುಂದಿನ ಚರಂಡಿಯ ಕಡೆ ಹಾಕು, ಬೇವಿನ ಗಿಡವಿದ್ದ ಕಡೆ ನೆಲ ಅಗೆಸಿ ಕಲ್ಲು ತೆಗೆಸು, ಖರ್ಚು ನಾನು ಕೊಡುತ್ತೇನೆ ಎಂದಿದ್ದೇನೆ. "ನೋಡೋಣ ಅತ್ತಿ" ಎಂದಿದ್ದಾನೆ. ಬಳೆ ಮಾರಿಯಾದರೂ ಕೊಡುವವಳೆಂದು ಅವನಿಗೆ ಗೊತ್ತು.

ನನಗೀಗ ಎಪ್ಪತ್ತೈದು ದಾಟಿದೆ. ಕುಳಿ ತೆರೆದ ದಿನ ಗೆಳತಿಯನ್ನು ಹಿತ್ತಲಿಗೆ ಕರೆಯಬೇಕೆಂದಿದ್ದೇನೆ. ಬರುತ್ತಾಳೋ ಇಲ್ಲವೋ. ಬಂದರೆ ತಂಬಿಗೆ ಅವಳ ಕೈಗೇ ಕೊಡುತ್ತೇನೆ.